ಜಯಂತಿ ಟೀಚರ ರಟ್ಟಿನ ಕಿಟಕಿ

ಜಯಂತಿ ಟೀಚರ ಬ್ಯಾಗಿನಲ್ಲಿ ಬಾಚಣಿಗೆ ಇಲ್ಲದ ದಿನ ಇರಬಹುದು, ರಟ್ಟಿನ ತುಂಡು ಇಲ್ಲದ ದಿನ ಇರಲಿಲ್ಲ. ಮಿಠಾಯಿ ಡಬ್ಬದ ಮುಚ್ಚಳ, ಅದರ ನಡುವೆ ಚೌಕವಾಗಿ ಕತ್ತರಿಸಿದ ತೂತು. ಅದನ್ನು ಕಣ್ಣಿಗೆ ಹಿಡಿದು ಅವರು ಡೊಂಬಿವಲಿಯ ಬೀದಿ ನೋಡುತ್ತಿದ್ದರು.

“ನೋಡಿ ಶ್ರೀಧರಣ್ಣ, ಆ ದನದ ಮೂತಿ ಮಾತ್ರ ಒಳಗೆ ಬಂತು. ಈಗ ಮೂತಿ ಮಾತ್ರ ಬಿಡಿಸ್ಬೇಕು. ಹೊರಗಿರುವ ಬಾಲಕ್ಕೆ ಬಣ್ಣ ಎಂತಕ್ಕೆ ದಂಡ?”

ನಾನು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಬಿಲ್ಲಿನ ದುಡ್ಡು ಎಣಿಸುತ್ತಾ ಕೂರುತ್ತಿದ್ದೆ. ಮಹಡಿಯ ಮೇಲೆ ಖಾಲಿ ಬಿದ್ದಿದ್ದ ಕೋಣೆಯನ್ನು ನಮ್ಮ ಧಣಿ ಟೀಚರಿಗೆ ಕಂಪ್ಯೂಟರ್ ಕ್ಲಾಸಿಗೆಂದು ಬಿಟ್ಟಿದ್ದರು. ಚಿತ್ರಗಳನ್ನು ಪರದೆಯ ಮೇಲೆ ಓಡಾಡಿಸುವ ಪ್ರೋಗ್ರಾಮು ಬರೆಯಲು ಅವರು ಮಕ್ಕಳಿಗೆ ಕಲಿಸುತ್ತಿದ್ದರು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನಾನೂ ಮೇಲೆ ಹೋಗುತ್ತಿದ್ದೆ. ಹೈಸ್ಕೂಲು ಮುಗಿಸಿ ಮುಂಬಯಿ ರೈಲು ಹತ್ತಿದವನು ನಾನು, ಪ್ರೋಗ್ರಾಮು ನನ್ನ ತಲೆಗೆ ಹತ್ತಲಿಲ್ಲ. ಬಣ್ಣದ ಬಾಲ್ದಿ ಹತ್ತಿತು. ಬಾಲ್ದಿಯ ಗುರುತು ಒತ್ತಿ ಗೆರೆಯೊಳಗೆ ಒಮ್ಮೆ ಕ್ಲಿಕ್ ಮಾಡಿದರೆ ಅಷ್ಟೂ ಜಾಗಕ್ಕೆ ಬಣ್ಣ ತುಂಬುತ್ತಿತ್ತು. ನನಗೆ ಕೇಸರಿ ಇಷ್ಟ.

“ನಿಮ್ಮ ಕೈಗೆ ಬಿಟ್ರೆ ಠಾಣೆಯ ಖಾಡಿಯ ನೀರನ್ನೂ ಕೇಸರಿ ಮಾಡ್ತೀರಿ ಮಾರಾಯ್ರೆ” ಎಂದು ಟೀಚರ್ ನಗುತ್ತಿದ್ದರು.

ಅಷ್ಟರಲ್ಲಿ ಧಣಿಗೆ ಆ ಕೋಣೆಯನ್ನು ಎಸಿ ಫ್ಯಾಮಿಲಿ ರೂಮು ಮಾಡುವ ಆಸೆ ಹುಟ್ಟಿತು. ಟೀಚರ್ ಒಂದು ಮಾತು ಇಟ್ಟರು: ಕೆಳಗಿನ ಟೀವಿಯಲ್ಲಿ ಪುಟ್ಟ ವೇಟರ್ ಒಬ್ಬ ಮೇಜುಗಳ ನಡುವೆ ತಿರುಗಾಡುವಂತೆ ಮಾಡಿಕೊಡುತ್ತೇನೆ, ಗಿರಾಕಿಗಳ ಮಕ್ಕಳು ಅದನ್ನು ನೋಡುತ್ತಾ ಉಣ್ಣುತ್ತಾರೆ. “ಹೋಟೆಲಿನ ವರ್ಷದ ಪೂಜೆಯ ದಿನ ತೋರಿಸಿ. ಚಂದ ಆದ್ರೆ ಕ್ಲಾಸು ಅಲ್ಲೇ ಇರ್ಲಿ” ಎಂದರು ಧಣಿ.

ಪೂಜೆಯ ಬೆಳಿಗ್ಗೆ ಟೀಚರ್ ವಯರು ಎಳೆಯಲು ಕೆಳಗೆ ಹೋಗಿದ್ದರು. ನಾನು ಮೇಲೆ ಕಂಪ್ಯೂಟರಿನಲ್ಲಿ ಇಣುಕಿದೆ. ಒಂದೇ ವೇಟರಿನ ಎರಡು ಚಿತ್ರ. ಒಂದರಲ್ಲಿ ನೀಲಿ ಅಂಗಿ, ಕೈಯಲ್ಲಿ ತಟ್ಟೆ, ನಗುಮುಖ. ಇನ್ನೊಂದರಲ್ಲಿ ಬಿಳಿ ಹಾಳೆಯ ಮೇಲೆ ಅದೇ ಆಕಾರ, ತಲೆಯಿಂದ ಕಾಲಿನವರೆಗೆ ಮಸಿ ಬಳಿದ ಹಾಗೆ ಕಪ್ಪು. ಪಾಪ, ಬಣ್ಣ ಹಾಕಲು ಹೊತ್ತು ಸಾಲಲಿಲ್ಲ ಅಂದುಕೊಂಡೆ. ಶುಭದಿನ ಕರಿ ಗೊಂಬೆ ಬೇಡವೆಂದೂ ಅನ್ನಿಸಿತು. ಬಾಲ್ದಿ ಎತ್ತಿ ಕೇಸರಿ ತುಂಬಿ, ಸೇವ್ ಮಾಡಿ ಇಳಿದೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಪ್ರಸಾದ ಹಂಚಿದೆ.

ಟೀವಿ ಹಾಕಿದರು. ಅಂಚಿನಿಂದ ಮೊದಲು ವೇಟರಿನ ಮೂಗು, ಆಮೇಲೆ ತಟ್ಟೆ, ಆಮೇಲೆ ಹೊಟ್ಟೆ ಒಳಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಮೇಜಿನ ಮುಂದೆ ಬಂದು ನಿಂತದ್ದೇ ತಡ, ಹಿಂದಿನ ಮೇಜು ಅವನ ಮೈಯೊಳಗಿಂದ ಕಾಣತೊಡಗಿತು. ಮೇಜಿನ ಮೇಲಿನ ಇಡ್ಲಿಗಳು ಕೆಂಪೇರಿ ಅವನ ಹೊಟ್ಟೆಯೊಳಗೆ ಹೊಳೆದವು.

“ಎಂತ ಟೀಚರೇ, ನಮ್ಮ ಹುಡುಗ್ರು ಕದ್ದು ತಿನ್ನುದು ಟೀವಿಯಲ್ಲೂ ಬಂತಾ?” ಎಂದರು ಧಣಿ. ಹೋಟೆಲೇ ನಕ್ಕಿತು, ಟೀಚರೂ ನಕ್ಕರು. ಆದರೆ ಧಣಿಯ ನಗು ಬೇಗ ಮುಗಿಯಿತು.

“ತಪ್ಪಾಯ್ತು ಧಣಿ, ಸಂಜೆಯೊಳಗೆ ಸರಿ ಮಾಡ್ತೇನೆ.”

“ಪೂಜೆಗೆ ಭೂತ ತೋರಿಸಿದ್ರಿ. ಸಂಜೆಗೆ ಇನ್ನೆಂತ ಉಂಟೋ. ಟೀವಿ ಬಂದ್ ಕರೋ ರೇ.”

ಅದು ನನ್ನ ಕೇಸರಿಯ ಕೆಲಸವೆಂದು ನನಗೆ ಹೊಳೆದಿತ್ತು. ಬಾಯಿ ಬಿಡಲಿಲ್ಲ. ಕೋಣೆ ಹೋಯಿತು. ಕಂಪ್ಯೂಟರುಗಳನ್ನು ಇಳಿಸುವಾಗ ಬಾಗಿಲು ಹಿಡಿದುಕೊಂಡು ನಿಂತೆ, ಅಷ್ಟೇ ನನ್ನಿಂದ ಆದ ಸಹಾಯ.

ಎಷ್ಟೋ ವರ್ಷಗಳ ನಂತರ, ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಟೀಚರ್ ಘಣಸೋಲಿಯಲ್ಲಿ ಕ್ಲಾಸು ನಡೆಸುತ್ತಿದ್ದಾರೆಂದು ತಿಳಿದು ಹೋದೆ. ಕೂದಲು ನರೆತಿತ್ತು, ರಟ್ಟು ಹೊಸದು. ಒಳಗೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪರದೆಯ ಮೇಲೆ ನಮ್ಮ ವೇಟರ್, ಹೊಟ್ಟೆಯೊಳಗೆ ಇಡ್ಲಿ. ಅವರ ಮೊದಲ ಪಾಠವೇ ಅದಂತೆ.

“ಟೀಚರೇ, ಆ ಕರಿ ಗೊಂಬೆಗೆ ಬಣ್ಣ ತುಂಬಿದವ ನಾನು.”

“ಗೊತ್ತುಂಟು. ಕೇಸರಿ ಬೇರೆ ಯಾರು ತುಂಬ್ತಾರೆ? ಲೋಕಲ್ ರೈಲಿನಲ್ಲಿ ಹೇಗೆ, ಇಳಿಯುವವರು ಇಳಿದ ಮೇಲಲ್ವಾ ಹತ್ತುವವರು? ಕರಿ ಗೊಂಬೆ ಮೊದಲು ಹೋಗಿ ಜಾಗ ಖಾಲಿ ಮಾಡ್ತದೆ, ಬಣ್ಣದವ ಆಮೇಲೆ ಅಲ್ಲಿ ನಿಲ್ತಾನೆ. ನೀವು ಖಾಲಿ ಮಾಡ್ಲಿಕ್ಕೇ ಬಿಡ್ಲಿಲ್ಲ. ಮೇಜೂ ಅವನೂ ಒಂದೇ ಸೀಟಿನಲ್ಲಿ ಕೂತ್ರು.”

“ಧಣಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮನ್ನು ಗಲ್ಲೆಯಿಂದ ಎಬ್ಬಿಸ್ತಿದ್ರು. ನನಗೆ ಬೇರೆ ಕೋಣೆ ಸಿಗ್ತದೆ, ನಿಮಗೆ ಆ ಪ್ರಾಯದಲ್ಲಿ ಬೇರೆ ಗಲ್ಲೆ ಸಿಗ್ಬೇಕಲ್ಲ.” ರಟ್ಟನ್ನು ಬ್ಯಾಗಿಗೆ ಹಾಕುತ್ತಾ ಅಂದರು: “ನೀವೇ ಹೇಳ್ತೀರೋ ಏನೋ ಅಂತ ಆ ದಿನ ಮೆಟ್ಟಿಲ ಹತ್ರ ಒಂದು ಗಳಿಗೆ ನಿಂತಿದ್ದೆ.”

ಅವರು ಚಹಾ ತರಿಸಿದರು, ನಾನು ಕುಡಿದೆ.

ಸ್ಟೇಷನ್ನಿಗೆ ಬಂದು ಬೀಳ್ಕೊಟ್ಟರು. ಅದೇ ಕೊನೆಯ ಭೇಟಿ. ನಾನು ಠಾಣೆ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತೆ. ಅವರು ಪ್ಲಾಟ್‌ಫಾರ್ಮಿನಲ್ಲಿ ನಿಂತು ರಟ್ಟು ತೆಗೆದು ಕಣ್ಣಿಗೆ ಹಿಡಿದರು. ಗಾಡಿ ಅಲುಗಿತು. ಈಗ ರಟ್ಟಿನ ತೂತಿನ ಅಂಚಿನಲ್ಲಿ ನನ್ನ ಕಿವಿ ಹೋಗುತ್ತದೆ, ಆಮೇಲೆ ಮೂಗು ಎಂದುಕೊಂಡೆ. ಹಾಗಾಗಲಿಲ್ಲ. ರಟ್ಟು ಹಿಡಿದುಕೊಂಡೇ ಟೀಚರ್ ಗಾಡಿಯ ಜೊತೆ ನಡೆಯತೊಡಗಿದ್ದರು.