ಕೊನೆಗೊಂದು ‘ರಿ’

ಮೈಬೂಬ್ ಚಾಚಾ ಸ್ಟೂಲಿಗೂ ಮರ್ಯಾದೆ ಕೊಡುತ್ತಿದ್ದರು. “ಜರಾ ಸರೀರಿ” ಎಂದು ಹೇಳಿಯೇ ಅದನ್ನು ಸರಿಸುವುದು. ಅಫಜಲಪುರದ ನಮ್ಮ ಕಾಲೇಜಿನ ಲ್ಯಾಬಿಗೆ ಅವರು ಅಟೆಂಡರ್. ನಲ್ಲಿ, ಹಲ್ಲಿ, ಫ್ಯೂಸು, ಎಲ್ಲರೂ ಅವರಿಗೆ ‘ಅವರು’. ನಾನೋ ಪ್ರಿನ್ಸಿಪಾಲರನ್ನೂ ಬೆನ್ನ ಹಿಂದೆ ‘ಲೇ’ ಅನ್ನುವವಳು. ಅಂಥ ನನ್ನನ್ನು ಅವರು “ಭಾಗ್ಯವ್ವಾರೆ” ಎಂದು ಕರೆದಾಗ, ಹದಿನೆಂಟು ತುಂಬುವ ಮೊದಲೇ ನನಗೆ ಮೊಣಕಾಲು ನೋವು ಶುರುವಾಯಿತು.

ಅವರ ಅತಿ ಹೆಚ್ಚಿನ ಗೌರವ ಮೂಲೆಯ ಇನ್‌ಕ್ಯುಬೇಟರಿಗೆ. ಬೇಕಾದರೆ ಕಾಯಿಸಿ, ಬೇಕಾದರೆ ತಣಿಸಿ, ಒಳಗೆ ನಾವು ಹೇಳಿದಷ್ಟೇ ಶಾಖ ಹಿಡಿದಿಡುವ ಕಪಾಟು ಅದು. ಅದರ ಟೆಂಪರೇಚರ್ ಕಂಟ್ರೋಲರಿನ ಬಟನ್ನುಗಳನ್ನು ಇಲಿ ತಿಂದು, ಕೆಂಪು ಅಂಕಿಗಳಷ್ಟೇ ಉಳಿದಿದ್ದವು. ಎಲ್ಲರೂ ಗುಜರಿಗೆ ಹಾಕಿ ಅಂದರು. ಹತ್ತನೇ ತರಗತಿ ಓದಿದ ಚಾಚಾ ಅದರ ಬೆನ್ನು ತಡವಿ ಸೀರಿಯಲ್ ಪೋರ್ಟ್ ಹುಡುಕಿದರು, ಹಳೆಯ ಕಂಪ್ಯೂಟರಿಗೆ ಕೇಬಲ್ ಜೋಡಿಸಿದರು, ಡಿಕ್ಷನರಿ ಹಿಡಿದು ಮ್ಯಾನುಯಲ್ ಓದಿದರು. ಒಂದು ದಿನ ಕೀಬೋರ್ಡ್ ಬಡಿದು ಕಪ್ಪು ಪರದೆಯ ಮೇಲೆ ಏನೋ ಬರೆದರು. ಕಂಟ್ರೋಲರ್ ‘ಓಕೆ’ ಎಂದು ತಿರುಗಿ ಬರೆಯಿತು. ನಾನು ಅಲ್ಲೇ ಇದ್ದೆ. ಗೋಡೆಯ ಹಲ್ಲಿಯೂ ಎದ್ದು ನಿಂತಿತ್ತು.

ಆ ಕಪಾಟಿನಲ್ಲಿ ನನ್ನ ಆರು ಗಾಜಿನ ತಟ್ಟೆಗಳಿದ್ದವು. ತೊಗರಿ ಬೇರಿನ ಗಂಟಿನಿಂದ ತೆಗೆದ ಬ್ಯಾಕ್ಟೀರಿಯಾ, ಚಳಿಗಾಲದಿಂದ ಸಾಕಿದ್ದೆ. ಇಪ್ಪತ್ತೆಂಟು ಡಿಗ್ರಿ ಬೇಕು, ನಲವತ್ತಾದರೆ ಕತೆ ಮುಗಿಯಿತು. ಪ್ರಾಕ್ಟಿಕಲ್ ಪರೀಕ್ಷೆ ಮರುದಿನವೇ. ಮಧ್ಯಾಹ್ನ ಕರೆಂಟು ಹೋಗಿ ಬಂತು. ಕಂಟ್ರೋಲರ್ ನಮ್ಮ ಮಾತೆಲ್ಲ ಮರೆತು, ಕಾರ್ಖಾನೆಯಲ್ಲಿ ಕಲಿತ ಅರವತ್ತರತ್ತ ಹೊರಟಿತು. ಆರಿಸಿಬಿಡೋಣವೆಂದರೆ ಲ್ಯಾಬೇ ನಲವತ್ತೆರಡು. (ನಮ್ಮೂರು ಕರಜಗಿಯಲ್ಲಿ ಈ ಕತೆ ಹೇಳುವಾಗ ನಲವತ್ತೇಳು.) ಫ್ರಿಜ್ಜು ಕೆಟ್ಟು ಚಾಕ್‌ಪೀಸಿನ ಕಪಾಟಾಗಿತ್ತು.

ಚಾಚಾ ಮದುವೆಗೆಂದು ಆಳಂದಕ್ಕೆ ಹೋಗಿದ್ದರು. ಕಂಪ್ಯೂಟರಿನ ಮುಂದೆ ಕೂತು ಫೋನ್ ಮಾಡಿದೆ.

“ಚಾಚಾ, ಮೂವತ್ತಮೂರ ಆಗೇದ!”

“ಅಂಜಬ್ಯಾಡ್ರಿ ಭಾಗ್ಯವ್ವಾರೆ. ಎಸ್ ಪಿ ಹೊಡೀರಿ. ಜಾಗ ಬಿಡ್ರಿ. ಇಪ್ಪತ್ತೆಂಟ. ಕೊನೀಗೆ ರಿ ಹಚ್ರಿ. ರಿ ಹಚ್ಚಲಿಲ್ಲಂದ್ರ ಅವರು ಕೇಳಂಗಿಲ್ಲ.”

ಹೊಡೆದೆ. ಎಸ್, ಪಿ, ಇಪ್ಪತ್ತೆಂಟು, ಆರ್, ಐ. ಕಂಟ್ರೋಲರ್ ಗಪ್ಪು. ಮತ್ತೆ ಹೊಡೆದೆ. ಗಪ್ಪು. ನಾಲ್ಕನೇ ಸಲ ಏಳು ಐ ಹಾಕಿ ಎಳೆದೆ. ಮೂವತ್ತಾರು.

“ಎಷ್ಟ್ ಮರ್ಯಾದಿ ಕೊಟ್ರೂ ಕೇಳವಲ್ದು ಚಾಚಾ!”

“ಏನ್ ಹೊಡದೀರಿ, ಓದ್ರಿ.”

ಓದಿದೆ. ಆಚೆ ಬ್ಯಾಂಡಿಗಿಂತ ಜೋರಾಗಿ ನಗು.

“ಯಾ ಅಲ್ಲಾ! ರಿ ಅಂದ್ರ ಎಂಟರ್ ಬಟನ್ ರೀ! ಮಾತ್ ಮುಗೀತು ಅಂತ ಅವರಿಗೆ ಗೊತ್ತಾಗೂದು ಅದರಿಂದನs. ಒತ್ರಿ.”

ಒತ್ತಿದೆ. “ಎರರ್ ಅನ್ನಾಕತ್ತದ!”

“ಮತ್ತ? ನಾಕ್ ಮಂದಿ ಕೂಡೇ ಒದರಿದ್ರ ಅವರರೆ ಯಾರ ಮಾತ ಕೇಳಬೇಕು? ಈಗ ಒಂದs ಸಲ, ಸಮಾಧಾನಲೆ ಹೇಳ್ರಿ.”

ಮೂವತ್ತೆಂಟು. ಒಂದೊಂದೇ ಅಕ್ಷರ ಬಡಿದೆ. ಎಂಟರ್ ಒತ್ತುವಾಗ ಬಾಯಿಂದಲೂ “ರಿ” ಎಂದೆ.

ಓಕೆ.

ಇನ್‌ಕ್ಯುಬೇಟರ್ ಗುರ್ ಎಂದಿತು. ಮೂವತ್ತೇಳು. ಮೂವತ್ತಾರು. ಎರಡು ತಾಸಿನ ಬಸ್ ದಾರಿಯಾಚೆ, ಬಿರ್ಯಾನಿ ತಾಟಿನ ಮುಂದೆ ಕುಳಿತ ಮನುಷ್ಯನ ಮಾತಿಗೆ ಯಂತ್ರದ ಜ್ವರ ಇಳಿಯುತ್ತಿತ್ತು. ಇದನ್ನು ಮಾತ್ರ ನಾನು ಎಲ್ಲಿಯೂ ಉಬ್ಬಿಸಿ ಹೇಳಿಲ್ಲ. ಉಬ್ಬಿಸಲು ಜಾಗವೇ ಇಲ್ಲ.

ತಟ್ಟೆಗಳು ಬದುಕಿದವು. ಮರುದಿನ ಬಂದ ಚಾಚಾ ಎಂಟರ್ ಬಟನ್ನಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ‘ರಿ’ ಎಂದು ಬರೆದರು.

ಈ ಜೂನಿನಲ್ಲಿ ಅವರಿಗೆ ಜೇವರ್ಗಿಗೆ ವರ್ಗವಾಯಿತು. ಹೋಗುವ ದಿನ ಇನ್‌ಕ್ಯುಬೇಟರಿನ ನೆತ್ತಿಯ ಧೂಳು ಒರೆಸಿ “ಬರ್ತೇನ್ರಿ” ಎಂದರು. ನನಗೆ ಹೇಳಿದ್ದು ಆಮೇಲೆ. ಈಗಲೂ ಫೋನ್ ಮಾಡಿದರೆ ಮೊದಲ ಪ್ರಶ್ನೆ, “ಹೆಂಗದಾರ ಅವರು?”

ಪಟ್ಟಿಯ ಮೇಲಿನ ಅಕ್ಷರ ಮಾಸಿತ್ತು. ನಿನ್ನೆ ನಾನೇ ತಿದ್ದಿದೆ. ಫಸ್ಟ್ ಇಯರಿನ ಹುಡುಗಿಯೊಬ್ಬಳು ಬಗ್ಗಿ ನೋಡಿ ಕೇಳಿದಳು, “ಇದೇನ್ ಬರದೀ ಅಕ್ಕಾ?”

“ಇದನ್ನ ಕೊನೀಗೆ ಒತ್ತಬೇಕ್ರಿ,” ಎಂದೆ.

ಅವಳು ಗಾಬರಿಯಾಗಿ, ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಿದಳು.