ನಲ್ಲಿ ಕಟ್ಟಿಸಿದ ತಾತ

ನಮ್ಮ ಬೀದಿಗೆ ಪುರಸಭೆಯವರು ನಲ್ಲಿ ಹಾಕಿಸಿದಾಗ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದೆ. ಹಿತ್ತಿಲ ಬಾವಿಯದು ಉಪ್ಪು ನೀರು, ಬೇಳೆ ಕೂಡ ಬೇಯದು. ನಮ್ಮ ಅತ್ತೆಗೋ ಲಿಂಗಪೂಜೆಯಾಗದೆ ತೊಟ್ಟು ನೀರೂ ಗಂಟಲಿಗಿಳಿಯದು, ಪೂಜೆಗೆ ಆ ದಿನ ಹಿಡಿದ ಸಿಹಿನೀರೇ ಆಗಬೇಕು.

ನೀರು ಬಿಡುವ ಚಾವಿ ಮಾತ್ರ ಪುರಸಭೆಯ ಆಳಿನ ಕೈಯಲ್ಲಿತ್ತು. ಮನಸ್ಸು ಬಂದಾಗ ಬಿಡುತ್ತಿದ್ದ, ಬೀಡಿ ಮುಗಿದಾಗ ನಿಲ್ಲಿಸುತ್ತಿದ್ದ. ಒಂದು ಬೆಳಿಗ್ಗೆ ಸರಿಯಾಗಿ ನನ್ನ ಸರದಿಗೇ ನಿಲ್ಲಿಸಿಬಿಟ್ಟ. ಹಿರಿಯರು ಪೂಜೆಗೆ ಕಾದಿದ್ದಾರೆ, ಇದೊಂದು ಕೊಡ ತುಂಬಲಿ ಅಂದೆ. ಅದಕ್ಕವನು ನಮ್ಮ ಯಜಮಾನರ ಹೆಸರು ಹಿಡಿದು, ಈ ನಲ್ಲಿಯೇನು ಅವನ ತಾತ ಕಟ್ಟಿಸಿದ್ದಾ ಎಂದು ಬೀದಿಗೆಲ್ಲ ಕೇಳುವಂತೆ ಅಂದ. ಅಂದು ಅತ್ತೆಯ ಪೂಜೆ ಮುಗಿಯುವಾಗ ಮಧ್ಯಾಹ್ನ. ದಿನಾ ಹೀಗಾದರೆ ಆ ವಯಸ್ಸಿನ ಜೀವ ತಡೆಯುವುದುಂಟೆ?

ಯಜಮಾನರು ನಮ್ಮ ಅಕ್ಕಿ ಅಂಗಡಿಗೆ ಭತ್ತ ಕೊಳ್ಳಲು ಕೃಷ್ಣರಾಜನಗರಕ್ಕೆ ಹೋಗಿದ್ದರು. ಸೆರಗು ಹೊದ್ದು ನಾನೇ ಪುರಸಭೆಗೆ ಹೊರಟೆ. ಸಾಕ್ಷಿಗೆ ನೆರೆಯವರು ಯಾರೂ ಬರಲಿಲ್ಲ; ಮಾರನೆಯ ದಿನ ಅವರೂ ಅದೇ ನಲ್ಲಿಗೆ ಕೊಡ ಒಡ್ಡಬೇಕಲ್ಲ.

ಪ್ರೆಸಿಡೆಂಟರು ನನ್ನನ್ನು ಕೂರಿಸಿ, ಅವನನ್ನು ಕರೆಸಿದರು. ತಲೆವಸ್ತ್ರ ತೆಗೆದು, ಕೈಕಟ್ಟಿ, ಹಾಲು ಕುಡಿದ ಮಗುವಿನಂತೆ ನಿಂತ. ತಾನು ಏನೂ ಅಂದಿಲ್ಲವಂತೆ. ಅಲ್ಲಿಯ ಕ್ರಮವೇನೆಂದರೆ, ದೂರು ಕೊಟ್ಟವರು ಕೇಳಿದ ಮಾತನ್ನು ಕೇಳಿದ ಹಾಗೇ ಹೇಳಬೇಕು, ಗುಮಾಸ್ತರು ಬರೆದುಕೊಂಡು ಎಲ್ಲರ ಮುಂದೆ ಓದಬೇಕು.

"ಅವ್ನು ಏನಂದ, ಅಂದಂಗೇ ಏಳಿ ತಾಯಿ" ಎಂದರು ಪ್ರೆಸಿಡೆಂಟರು.

ಗಂಡನ ಹೆಸರು ಬಾಯಲ್ಲಿ ಹೇಗೆ ತರಲಿ? ಅದು ಬೆಟ್ಟದ ದೇವರದೇ ಹೆಸರಾದ್ದರಿಂದ, ಮದುವೆಯಾದಂದಿನಿಂದ ದೇವರನ್ನೂ ಬರೀ ಸ್ವಾಮಿ ಎಂದೇ ಕರೆಯುತ್ತಿದ್ದವಳು ನಾನು. ಪುಣ್ಯಕ್ಕೆ ಆ ಸ್ವಾಮಿ ಬೇಸರ ಮಾಡಿಕೊಂಡಿರಲಿಲ್ಲ.

"ಈ ನಲ್ಲಿಯೇನು ನಮ್ಮನೆಯವ್ರ ತಾತ ಕಟ್ಟಿಸಿದ್ದಾ ಅಂದ" ಎಂದೆ.

ಗುಮಾಸ್ತರು ಅಷ್ಟನ್ನೂ ಹಾಗೇ ಬರೆದು, ಪುರಾಣ ಓದುವ ದನಿಯಲ್ಲಿ ಓದಿದರು.

ಪ್ರೆಸಿಡೆಂಟರು ಹುಬ್ಬುಗಂಟಿಕ್ಕಿದರು. "ಅವ್ನು ಅವ್ನ ಮನೆಯವ್ಳ ತಾತನ್ನ ಅಂದ್ಕಂಡ್ರೆ ನಿಮಗೇನು ಬೇಜಾರು ತಾಯಿ?"

ಅವನ ಮನೆಯವರಲ್ಲ, ನಮ್ಮನೆಯವರು ಎಂದೆ. ಗುಮಾಸ್ತರು ಅದನ್ನೂ ಬರೆದುಕೊಂಡರು. ಹೆಸರು ಹೇಳಬಾರದೆಂದೆ. ಪ್ರೆಸಿಡೆಂಟರು ನಮ್ಮ ಅಂಗಡಿಯ ಅಕ್ಕಿಯನ್ನೇ ಉಣ್ಣುವವರು, ಹೆಸರು ಅವರಿಗೂ ಗೊತ್ತು. ಆದರೆ ಹೇಳಿಕೊಡುವ ಹಾಗಿಲ್ಲ, ದೂರು ಕೊಟ್ಟವರ ಬಾಯಲ್ಲೇ ಬರಬೇಕು ಎಂದು ಪೇಚಾಡಿದರು. ದೂರು ಬಿದ್ದುಹೋದರೆ ನಾಳೆಯಿಂದ ಇವನು ನಮ್ಮ ಕೊಡಕ್ಕೆ ಹನಿ ನೀರೂ ಬಿಡುವುದಿಲ್ಲ. ಕಣ್ಣುಮುಚ್ಚಿ, ಸ್ವಾಮೀ, ನಿನ್ನ ಹೆಸರಿನ ತಂಟೆ ಇದು, ನೀನೇ ನೋಡಿಕೋ ಅಂದುಕೊಂಡೆ.

ಬಾಗಿಲಲ್ಲಿದ್ದ ಜವಾನನಿಗೆ ನಗು ತಡೆಯಲಿಲ್ಲ. "ಏನ್ಲಾ, ನಿನ್ ಎಂಡ್ರು ತಾತ ನಲ್ಲಿ ಕಟ್ಟಿಸಿದ್ನಾ?"

ನಲ್ಲಿಯವನ ಮೋರೆ ಕೆಂಪೇರಿತು. "ನಮ್ಮತ್ತೆ ಮನೆಯೋರ ಸುದ್ದಿ ಯಾಕ್ಲಾ? ಅವ್ರು ಕಾಕನಕೋಟೆ ಕಡೆಯೋರು, ನಲ್ಲೀನೇ ಕಂಡಿಲ್ಲ. ನಾ ಅಂದಿದ್ದು ಈಯಮ್ಮನ ಗಂಡುನ್ ತಾತನ್ನ ಕಣ್ಲಾ" ಎಂದವನೇ ಯಜಮಾನರ ಹೆಸರನ್ನು, ಅವರ ತಾತನನ್ನು, ನಲ್ಲಿಯನ್ನು, ಒಂದಕ್ಷರವೂ ಬಿಡದೆ ಇಡೀ ಕಚೇರಿಗೆ ಕೇಳುವಂತೆ ಹೇಳಿಬಿಟ್ಟ.

ಗುಮಾಸ್ತರು ಅಷ್ಟನ್ನೂ ಹಾಗೇ ಬರೆದುಕೊಂಡರು.

"ತಪ್ಪಾಯ್ತು ಬುಡಿ ಬುದ್ಧಿ" ಎಂದ ನಲ್ಲಿಯವನು, ನೆಲ ನೋಡುತ್ತಾ.

"ನಂಗ್ಯಾಕ್ಲಾ, ಅಮ್ಮಾವ್ರಿಗೆ ಏಳು."

ಹೇಳಿದ. ಕೆಲಸದಿಂದ ತೆಗೆಯಲೇ ಎಂದು ಪ್ರೆಸಿಡೆಂಟರು ನನ್ನನ್ನು ಕೇಳಿದರು. ಬೇಡಿ, ಅವನ ಮನೆಯಲ್ಲೂ ಒಲೆ ಉರಿಯಬೇಕು, ಹೊತ್ತು ಮೂಡುವ ಮುಂಚೆ ನೀರು ಬಿಟ್ಟರೆ ಸಾಕು ಎಂದೆ. ಹಾಗೇ ಅಪ್ಪಣೆಯಾಯಿತು.

ಮಾರನೆಯ ದಿನ ಕೋಳಿ ಕೂಗುವಾಗಲೇ ನಲ್ಲಿ ಸುರಿಯುತ್ತಿತ್ತು. ಸಾಕ್ಷಿಗೆ ಬಾರದ ನೆರೆಯವರೆಲ್ಲ ನನಗಿಂತ ಮುಂದೆ ಸಾಲಿನಲ್ಲಿದ್ದರು. ಇರಲಿ, ನೀರು ಎಲ್ಲರಿಗೂ ಆಯಿತು. ಅತ್ತೆ ಎಳೆಬಿಸಿಲಿಗೆ ಮುಂಚೆ ಪೂಜೆ ಮುಗಿಸಿ, ಬಾಯಿಗೆ ನೀರು ಹಾಕಿಕೊಂಡು, "ರೊಟ್ಟಿ ಇನ್ನೂ ಆಗ್ನಿಲ್ವೇನವ್ವ?" ಎಂದರು. ಅಂದಿನಿಂದ ನನ್ನ ಒಲೆಯ ಹೊತ್ತೂ ಮುಂದಾಯಿತು. ಅತ್ತೆಯ ಮೇಲಿನ ಆ ದೂರನ್ನು ಮಾತ್ರ ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ.