ಲಗ್ನಪತ್ರಿಕೆ ಹೋಗುವಷ್ಟು ಸಂದು

ಅಕ್ಷರ ಕಲಿಸಿದ ಗುರುವಿಗೆ ಶರಣು. ಕಲಿಸುತ್ತಿದ್ದೇನೆಂದು ಹೇಳದೆಯೇ ಕಲಿಸಿದವರಿಗೆ ಇನ್ನೊಮ್ಮೆ ಶರಣು. ನೆರಳಿತ್ತ ಮರಕ್ಕೆ, ಆ ಮರವನ್ನು ಹಲಗೆ ಮಾಡಿದ ಕೈಗಳಿಗೆ, ಹಲಗೆಯ ಕೆಳಗೆ ಕುಳಿತು ಇಂದಿಗೂ ಮಗ್ಗಿ ಹೇಳುವ ಮಕ್ಕಳಿಗೆ ಶರಣು. ಈ ಮಾತುಗಳನ್ನು ಬರೆಯುವ ಮುನ್ನ ಇಷ್ಟಲಿಂಗವನ್ನು ಕರದಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದೆ. ಕಣ್ಣು ಮೇಲೆತ್ತಲು ಧೈರ್ಯ ಬರಲಿಲ್ಲ.

ಹಾಗೆ ಹೇಳದೆಯೇ ನನಗೆ ಕಲಿಸಿದವರು ಒಬ್ಬ ಬಡಗಿ. ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಪುಟ್ಟ ಕದಗಳಂತೆ ಬೆಳೆದಿತ್ತು. ಬಲಗಿವಿಯ ಮೇಲೆ ಬಡಗಿಯ ಚಪ್ಪಟೆ ಪೆನ್ಸಿಲು. ಬಿಳಿ ಅಂಗಿಯ ಜೇಬಿನಲ್ಲಿ ಒಂದು ಹಳೆಯ ಲಗ್ನಪತ್ರಿಕೆ. ಅದರ ಮೂಲೆಗೆ ಹಚ್ಚಿದ್ದ ಅರಿಶಿನ ಕಂದಿಹೋಗಿತ್ತು. ಮಗಳ ಮದುವೆಯಲ್ಲಿ ಉಳಿದ ಪತ್ರಿಕೆಯದು. ದೇವರ ಚಿತ್ರವಿದ್ದ ಮೇಲಿನ ಭಾಗವನ್ನು ಕತ್ತರಿಸಿ ಮನೆಯ ದೇವರ ಜಗಲಿಯ ಮೇಲಿಟ್ಟು, ಉಳಿದ ತುಂಡನ್ನು ಅವರು ಕೆಲಸಕ್ಕೆ ಇಟ್ಟುಕೊಂಡಿದ್ದರು. ಎರಡು ಮರದ ತುಂಡುಗಳನ್ನು ಜೋಡಿಸಿದಾಗ ನಡುವಿನ ಸಂದಿನಲ್ಲಿ ಆ ಪತ್ರಿಕೆ ತೂರಿದರೆ ಜೋಡಣೆ ಸರಿ. ತೂರದಿದ್ದರೆ ಬಿಗಿ ಹೆಚ್ಚು, ಅಲ್ಲಾಡಿದರೆ ಸಡಿಲ ಹೆಚ್ಚು. ಅವರಿಗಿದ್ದ ಸೂಕ್ಷ್ಮ ಮಾಪನವೆಂದರೆ ಅದೊಂದೇ.

ಬೀದರ ನಗರದಲ್ಲಿ ಮೈಲೂರಿನಾಚೆಯ ಒಂದು ವಾಸ್ತುಶಿಲ್ಪ ಕಾಲೇಜಿನಲ್ಲಿ ನಾನು ಬಹುಕಾಲ ಪ್ರಾಚೀನ ಕಟ್ಟಡಗಳ ಇತಿಹಾಸವನ್ನೂ ಶಿಲ್ಪಶಾಸ್ತ್ರವನ್ನೂ ಬೋಧಿಸಿದವನು. ಅವರು ಅದೇ ಕಾಲೇಜಿನ ಕಾರ್ಯಾಗಾರದ ಬಡಗಿ. ಭಾಲ್ಕಿಯಿಂದ ನಿತ್ಯವೂ ಬೆಳಗಿನ ರೈಲಿಗೆ ಬರುತ್ತಿದ್ದರು. ಅಧ್ಯಾಪಕರು ಅವರನ್ನು ಮಿಸ್ತ್ರಿ ಎಂದರೆ ವಿದ್ಯಾರ್ಥಿಗಳು ಕಾಕಾ ಎನ್ನುತ್ತಿದ್ದರು. ಕಾಯಂ ನೌಕರಿಯಲ್ಲ, ವರುಷಕ್ಕೊಮ್ಮೆ ಆದೇಶ ಹೊಸದಾಗಬೇಕಿತ್ತು. ವಯಸ್ಸಿನಲ್ಲಿ ಅವರು ನನಗಿಂತ ಎರಡು ವರ್ಷ ಹಿರಿಯರು. ಆದರೂ ನಾನು ಅವರನ್ನು ಏಕವಚನದಲ್ಲಿಯೇ ಕರೆಯುತ್ತಿದ್ದೆ. ಬೆಳಿಗ್ಗೆ ಪೂಜೆಯಲ್ಲಿ ಕಾಯಕವೇ ಕೈಲಾಸವೆಂದು ನೆನೆದು ಬಂದ ಬಾಯಿಯೇ ಹತ್ತು ಗಂಟೆಗೆ 'ಏ ಮಿಸ್ತ್ರಿ, ಬಾ ಇಲ್ಲಿ' ಎನ್ನುತ್ತಿತ್ತು. ಅದರಲ್ಲಿ ತಪ್ಪಿದೆಯೆಂದು ಆಗ ಹೊಳೆಯಲೇ ಇಲ್ಲ.

ಬಂದವರೇ ಕೈಕಾಲು ತೊಳೆದು, ಹಲಗೆಯ ಮೇಲೆ ಅಂಗೈ ಊರಿ ಕ್ಷಣಕಾಲ ನಿಲ್ಲುವುದು ಅವರ ರೂಢಿ. ಹಲಗೆ ಒಣಗಿದೆಯೋ ಹಸಿಯಾಗಿದೆಯೋ ಅಂಗೈಗೆ ತಿಳಿಯುತ್ತಿತ್ತು. ಕರಗಸವನ್ನು ದಾಟಿ ಹೋಗುತ್ತಿರಲಿಲ್ಲ, ಸುತ್ತುಹಾಕಿ ಹೋಗುತ್ತಿದ್ದರು. ಅಳತೆಪಟ್ಟಿ ಇದ್ದರೂ ಒಂದು ತುಂಡನ್ನು ಇನ್ನೊಂದರ ಮೇಲಿಟ್ಟು ಗುರುತು ಮಾಡುತ್ತಿದ್ದರು. "ಕಟ್ಟಿಗಿಗಿ ಕಟ್ಟಿಗೀನೇ ಅಳತಿ" ಎನ್ನುವುದು ಅವರು ಹೊಸ ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ರೊಟ್ಟಿ, ಪುಂಡಿಪಲ್ಯ ಸುತ್ತ ಕುಳಿತವರ ಪಾಲಾಗಿ ಅವರಿಗೆ ಅರ್ಧವೇ ಉಳಿಯುತ್ತಿತ್ತು.

ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ಓದಿ ಹಲಗೆಯನ್ನು ತಾನೇ ಕೊರೆಯುವ ಯಂತ್ರ ನಮ್ಮ ಕಾಲೇಜಿಗೆ ಬಂದ ದಿನ, ಬಡಗಿಗೆ ಇನ್ನೇನು ಕೆಲಸವೆಂದು ನಮ್ಮಲ್ಲಿ ಕೆಲವರು ನಕ್ಕರು. ಅವರು ಮಾತ್ರ ತೆಂಗಿನಕಾಯಿ ತಂದು ಒಡೆದು, ಯಂತ್ರದ ಪಕ್ಕೆಗೆ ವಿಭೂತಿ ಹಚ್ಚಿದರು. ತಿಂಗಳೊಳಗೆ ಅದಕ್ಕೆ ಹಲಗೆ ಬಿಗಿಯುವುದನ್ನು ಕಲಿತರು. ಕೊರೆಯುವ ಸದ್ದು ಕೇಳಿಯೇ ಅಲಗು ಮೊಂಡಾಗಿದೆಯೆಂದು ಹೇಳಬಲ್ಲವರಾದರು. ಹೇಗಿದೆ ಹೊಸ ಜೊತೆಗಾರ ಎಂದು ನಾನು ಕೆಣಕಿದಾಗ ಅವರೆಂದರು: "ಭಾಳ ಪ್ರಾಮಾಣಿಕ ಅದರೀ ಸರ್. ಹೇಳಿದ್ದಷ್ಟೇ ಮಾಡ್ತದ. ಹೇಳೋರು ಶಾಣ್ಯಾ ಇರಬೇಕು, ಅಷ್ಟ." ಯಂತ್ರ ಕಾದೀತೆಂದು ಅದಕ್ಕೊಂದು ಫ್ಯಾನು ತರಿಸಿದಾಗ, "ನಾ ಬಿಸಿ ಆದ್ರ ಯಾರೂ ಫ್ಯಾನ್ ತರ್ಸಲಿಲ್ಲ ನೋಡ್ರಿ" ಎಂದು ವಿದ್ಯಾರ್ಥಿಗಳನ್ನು ನಗಿಸಿದರು.

ಆ ವರ್ಷ ಕೊನೆಯ ತರಗತಿಯಲ್ಲಿ ಔರಾದ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ಇದ್ದಳು. ತಾನು ಓದಿದ ಸರಕಾರಿ ಶಾಲೆಯ ಅಂಗಳಕ್ಕೆ ಒಂದು ನೆರಳಿನ ಮಂಟಪ ಕಟ್ಟುವುದು ಅವಳ ಯೋಜನೆ. ಪ್ಲೈವುಡ್ಡಿನ ಉದ್ದುದ್ದ ಪಟ್ಟಿಗಳಲ್ಲಿ ಯಂತ್ರ ಕಚ್ಚುಗಳನ್ನು ಕೊರೆಯಬೇಕು. ಒಂದು ಪಟ್ಟಿಯ ಕಚ್ಚು ಇನ್ನೊಂದರ ಕಚ್ಚಿನೊಳಗೆ ಕೂತು, ಒಂದೂ ಮೊಳೆಯಿಲ್ಲದೆ, ಬುಟ್ಟಿಯ ಹೆಣಿಗೆಯಂತೆ ಕಮಾನು ಏಳಬೇಕು. ಮಂಟಪ ಪರೀಕ್ಷಕರ ಮುಂದೆ ನಿಂತರೆ ಅವಳು ಪಾಸು, ಇಲ್ಲವಾದರೆ ಒಂದು ವರ್ಷ ಹಿಂದೆ. ಹಿರಿಯನೆಂಬ ಕಾರಣಕ್ಕೆ ಮಾರ್ಗದರ್ಶಕ ನಾನೇ ಆದೆ. ಯಂತ್ರದ ಓಂ ನಾಮವೂ ನನಗೆ ತಿಳಿಯದು.

ನಕ್ಷೆಗೆ ರುಜು ಹಾಕುವ ದಿನ ನೋಡಿದೆ: ಪ್ರತಿ ಕಚ್ಚೂ ಹಲಗೆಯ ದಪ್ಪಕ್ಕಿಂತ ತುಸು ಅಗಲವಾಗಿತ್ತು. ಇದೇಕೆಂದು ಕೇಳಿದೆ. ಕಾಕಾ ಬಿಡಲು ಹೇಳಿದ್ದಾರೆ ಎಂದಳು. ತರಗತಿ ತುಂಬಿತ್ತು. ದೇವಾಲಯಗಳ ಕಲ್ಲಿನ ಬೆಸುಗೆಯಲ್ಲಿ ಸೂಜಿಮೊನೆಯೂ ತೂರದೆಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಸಂದು ಬಿಡುವುದು ಕೈ ಬಾರದವರ ಲಕ್ಷಣವೆಂದೆ. ಮೂಲೆಯಲ್ಲಿ ಹಲಗೆ ಒರೆಸುತ್ತಿದ್ದ ಅವರು ಹತ್ತಿರ ಬಂದರು.

"ಸರ್, ಕಲ್ಲು ಉಸುರು ಆಡಂಗಿಲ್ರಿ, ಕಟ್ಟಿಗಿ ಆಡ್ತದ. ಮಳಿಗಾಲದಾಗ ಉಬ್ಬತದ, ಬ್ಯಾಸಿಗ್ಯಾಗ ಇಳೀತದ. ಒಂದು ಲಗ್ನಪತ್ರಿಕಿ ಹೋಗೋವಷ್ಟು ಹವಾ ಬಿಡ್ರಿ."

"ಯಂತ್ರಕ್ಕೂ ನಿನ್ನ ಲಗ್ನಪತ್ರಿಕಿ ಕೊಟ್ಟು ಕರೀಬೇಕೇನೋ ಮಿಸ್ತ್ರಿ?" ಎಂದೆ.

ತರಗತಿಯೆಲ್ಲ ನಕ್ಕಿತು. ಅವರೂ ನಕ್ಕರು. ಕೈಯಲ್ಲಿ ಹಿಡಿದಿದ್ದ ಪತ್ರಿಕೆಯನ್ನು ಮಡಿಸದೆ, ಮೂಲೆ ಮುರಿಯದಂತೆ ಜೇಬಿಗಿಳಿಸಿದರು. ಹುಡುಗಿ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿ, ಸಂದು ತೆಗೆದು ನಕ್ಷೆಯನ್ನು ತಿದ್ದಿದಳು. ಕೆಳಗೆ ನನ್ನ ರುಜು ಬಿತ್ತು. ನಾನು ಹೇಳಿದಂತೆ, ಕೂದಲೆಳೆಯಷ್ಟೂ ತಪ್ಪದೆ, ಯಂತ್ರ ಕೊರೆಯಿತು.

ಶ್ರಾವಣದ ಜಡಿಮಳೆ ಹಿಡಿದಿತ್ತು. ಪರೀಕ್ಷಕರು ಬರಲು ಮೂರು ದಿನವಿರುವಾಗ ಕಾಲೇಜಿನ ಪಡಸಾಲೆಯಲ್ಲಿ ಜೋಡಿಸಲು ತೊಡಗಿದರು. ಮೊದಲ ಕಚ್ಚೇ ಕೂರಲಿಲ್ಲ. ತೇವಕ್ಕೆ ಹಲಗೆ ಉಬ್ಬಿತ್ತು. ಮರದ ಸುತ್ತಿಗೆಯಿಂದ ಬಡಿದಾಗ ಪಟ್ಟಿಯ ಅಂಚು ಪದರಪದರವಾಗಿ ಬಿರಿಯಿತು. ಎರಡನೆಯದೂ ಬಿರಿಯಿತು. ಸದ್ದು ಕೇಳಿ ಪ್ರಾಚಾರ್ಯರು ಬಂದರು. ನಕ್ಷೆ ತಪ್ಪಿದ್ದರೆ ಯೋಜನೆಯನ್ನು ಪರೀಕ್ಷಕರ ಮುಂದೆ ಇಡುವುದೇ ಬೇಡ, ಹುಡುಗಿ ಮುಂದಿನ ವರ್ಷ ಮಾಡಲಿ ಎಂದರು. ಇದು ಯಾರ ತಪ್ಪು ಎಂದು ಕೇಳಿದರು.

ಹುಡುಗಿ ನನ್ನ ಕಡೆ ನೋಡಿದಳು. ಗುರುವಿನ ಹೆಸರು ಹೇಳಲಾರದ ಸಂಸ್ಕಾರ ಅವಳದು. ನನಗೆ ಮಾತು ಗೊತ್ತಿತ್ತು. ಎರಡೇ ಶಬ್ದ: ತಪ್ಪು ನನ್ನದು. ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಂಡೆ. ನಾನು ಮಾಡಿದ್ದು ಅಷ್ಟೇ.

"ಗಲ್ತಿ ನಂದರೀ," ಎಂದು ಹಿಂದಿನಿಂದ ಅವರ ದನಿ ಬಂತು. "ನಕ್ಷಾ ಬರೋಬ್ಬರಿ ಅದ. ನಾನೇ ಹಲಗಿ ಹಸಿ ಗ್ವಾಡಿಗಿ ಆನಿಸಿ ಇಟ್ಟಿದ್ದೆ, ನೀರು ಕುಡದಾವ. ಎರಡು ದಿನ ಕೊಡ್ರಿ, ಎಲ್ಲಾ ಕೂಡಸಿ ಕೊಡ್ತೇನಿ."

ಹಲಗೆಗಳು ಹಸಿ ಗೋಡೆಗೆ ಒರಗಿರಲಿಲ್ಲ. ಇಟ್ಟಿಗೆಯ ಮೇಲೆ ಮರದ ತುಂಡಿಟ್ಟು, ಗೋಡೆಯಿಂದ ಮೊಳ ದೂರ, ನಡುನಡುವೆ ಗಾಳಿಯಾಡುವಂತೆ ಅವರೇ ಪೇರಿಸಿದ್ದನ್ನು ನಾನು ಕಂಡಿದ್ದೆ. ಪ್ರಾಚಾರ್ಯರು ಸಿಟ್ಟಿನಿಂದ, ಎರಡು ದಿನದಲ್ಲಿ ಸರಿಪಡಿಸಿ ಆಮೇಲೆ ಯಂತ್ರದ ಕೋಣೆಗೆ ಕಾಲಿಡಬೇಡವೆಂದರು. ಮುಂದಿನ ವರ್ಷದ ಆದೇಶವೂ ಆಗದೆಂದರು. ಆಗಲಿ ಎಂಬಂತೆ ಅವರು ತಲೆಬಾಗಿದರು. ಆಗಲೂ ನಾನು ಅಲ್ಲಿಯೇ ನಿಂತಿದ್ದೆ.

ಎರಡು ದಿನ ಅವರು ಪಡಸಾಲೆಯಲ್ಲಿ ಕುಳಿತು ಒಂದೊಂದೇ ಕಚ್ಚನ್ನು ಕಾನಸವೆಂಬ ಅರದಿಂದ ಉಜ್ಜಿದರು. ಹುಡುಗಿಯೂ ಅವಳ ಗೆಳತಿಯರೂ ಕೈಜೋಡಿಸಿದರು. ಪ್ರತಿ ಕಚ್ಚಿಗೂ ಪತ್ರಿಕೆ ತೂರಿಸಿ ನೋಡಿ, "ಹ್ಞಾಂ, ಇದರ ಲಗ್ನ ಆಯ್ತು, ಮುಂದಿಂದು ತಾ ಅವ್ವಾ" ಎನ್ನುತ್ತಿದ್ದರು. ಬಿರಿದ ಎರಡು ಪಟ್ಟಿಗಳನ್ನು ಯಂತ್ರವಿಲ್ಲದೆ, ಕೈಗರಗಸದಿಂದಲೇ ಹೊಸದಾಗಿ ಕೊಯ್ದರು. ಬೇರೆಯವುಗಳಿಂದ ಅವನ್ನು ಪ್ರತ್ಯೇಕಿಸಲು ಪರೀಕ್ಷಕರಿಗೂ ಆಗಲಿಲ್ಲ. ಮಂಟಪ ನಿಂತಿತು. ಹುಡುಗಿ ಪಾಸಾದಳು.

ಅದನ್ನು ಔರಾದಿನ ಆ ಹಳ್ಳಿಗೆ ಸಾಗಿಸಿ ಶಾಲೆಯ ಅಂಗಳದಲ್ಲಿ ಕಟ್ಟಿದ ದಿನ ಊರವರು ನನಗೆ ಶಾಲು ಹೊದಿಸಿದರು. ನಾನು ಅರ್ಧ ತಾಸು ಮಾತಾಡಿದೆ. ಶಾಸ್ತ್ರ ಮತ್ತು ಯಂತ್ರಗಳ ಸಂಗಮವೆಂದೆ. ಅವರು ಅಂಗಳದ ಕೊನೆಯಲ್ಲಿ, ಊರ ಹಿರಿಯರ ಜೊತೆ ನೆಲದ ಮೇಲೆ ಕುಳಿತಿದ್ದರು. ಕಾನಸ ಹಿಡಿದ ಬೆರಳುಗಳಿಗೆ ಬಟ್ಟೆಯ ಚೂರು ಸುತ್ತಿತ್ತು. ನಾನು ಎಲ್ಲರ ಹೆಸರನ್ನೂ ಸ್ಮರಿಸಿದೆ, ಹಲಗೆ ತಂದ ಟೆಂಪೊ ಚಾಲಕನದನ್ನೂ. ಅವರದನ್ನು ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಆ ಹೆಸರು ಬಾಯಿಗೆ ಬಂದರೆ ಉಳಿದದ್ದೂ ಹೊರಬಂದೀತೆಂದು ಅಂಜಿದೆ.

ಅವರು ಭಾಲ್ಕಿಯಲ್ಲಿಯೇ ಬಾಗಿಲು, ಚೌಕಟ್ಟು, ಪೂಜೆಯ ಮಣೆ ಮಾಡಿಕೊಂಡು ಉಳಿದರು. ನಾನು ನಿವೃತ್ತನಾದೆ. ಭಾಲ್ಕಿಗೆ ಎಷ್ಟೋ ಸಲ ಹೋದರೂ ಅವರ ಓಣಿಯತ್ತ ಹೊರಳಲಿಲ್ಲ. ಹೀಗೆ ಐದು ವರ್ಷ ಕಳೆದ ಮೇಲೆ ಆ ಹುಡುಗಿ ಫೋನು ಮಾಡಿದಳು. ಕಾಕಾಗೆ ಎದೆಯ ರೋಗ, ಹಾಸಿಗೆ ಹಿಡಿದಿದ್ದಾರೆ, ತಾನು ನೋಡಲು ಹೋಗುತ್ತಿದ್ದೇನೆ ಎಂದಳು. ಫೋನಿಡುವ ಮುನ್ನ ಹೇಳಿದಳು: "ಅವತ್ತು ನಾನೂ ಸುಮ್ಮನ ನಿಂತೀನ್ರಿ ಸರ್. ನೀವೂ ಬರ್ರಿ."

ಇಬ್ಬರೂ ಬಸ್ಸಿನಲ್ಲಿ ಹೋದೆವು. ಅಂಗಳದ ಬೇವಿನ ಕೆಳಗೆ ಮಂಚದ ಮೇಲೆ ಅವರು ಒರಗಿದ್ದರು. ನನ್ನನ್ನು ಕಂಡು ಏಳಲು ಹೋದರು. ತಡೆದು ಅವರ ಕೈ ಹಿಡಿದೆ. ಆ ಸೀಳಿದ ಉಗುರು ನನ್ನ ಅಂಗೈಗೆ ತಾಗಿತು. ಮೊದಲ ಸಲ ಬಹುವಚನದಲ್ಲಿ ಮಾತಾಡಿಸಿದೆ. ಅಂದಿನ ತಪ್ಪು ನನ್ನದು, ಕ್ಷಮಿಸಿರೆಂದೆ.

"ಅದು ನಮ್ಮ ಮೂರೂ ಮಂದಿಗಿ ಗೊತ್ತದಲ್ರಿ ಸರ್," ಎಂದರು. ಯಾಕೆ ಹಾಗೆ ಮಾಡಿದಿರೆಂದು ಕೇಳಿದೆ. "ಈ ಅವ್ವಂದು ಒಂದು ವರ್ಷ ಹೋಗ್ತಿತ್ತು. ಹುಡುಗ್ರ ಮುಂದ ನಿಮ್ಮ ಮಾತು ಹೋಗ್ತಿತ್ತು. ನನ್ನ ಕೈಯೇನು, ನಾ ಎಲ್ಲಿ ಹೋದ್ರೂ ನನ್ನ ಕೂಡ ಬರ್ತದ." ಕೆಮ್ಮು ಬಂತು. ಅದು ನಿಂತ ಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಅಂದರು: "ಹೇಳೋದಿದ್ರ ಅಲ್ಲಿ ಹೇಳ್ರಿ ಸರ್. ಇಲ್ಲಿ ನನಗ ಯಾಕ ಹೇಳ್ತೀರಿ?"

ಮುಂದಿನ ಸೋಮವಾರವೇ ಕಾಲೇಜಿಗೆ ಹೋಗಿ ಎಲ್ಲರ ಮುಂದೆ ಹೇಳುವೆನೆಂದು ಮಾತು ಕೊಟ್ಟೆ. ಆ ಸೋಮವಾರ ಮನೆಯಲ್ಲಿ ಪೂಜೆಯಿತ್ತು. ಮರು ಸೋಮವಾರ ಪ್ರಾಚಾರ್ಯರು ಊರಲ್ಲಿಲ್ಲವೆಂದು ತಿಳಿದು, ನಿಜ ಹೇಳಬೇಕೆಂದರೆ, ನನಗೆ ಸಮಾಧಾನವಾಯಿತು. ಮೂರನೆಯ ಸೋಮವಾರ ಬರುವ ಮೊದಲೇ ಅವರು ಲಿಂಗೈಕ್ಯರಾದರು.

ಅವರ ಮಣ್ಣಿಗೆ ಹೋಗಿ ಬಂದ ಮೇಲೆ ಕಾಲೇಜಿಗೆ ಹೋದೆ. ಅಂದಿನ ಪ್ರಾಚಾರ್ಯರು ಬದಲಾಗಿದ್ದರು. ಅದೇ ಪಡಸಾಲೆಯಲ್ಲಿ, ಅವರನ್ನು ಕಂಡೇ ಇರದ ಹೊಸ ವಿದ್ಯಾರ್ಥಿಗಳ ಮುಂದೆ ನಿಂತು ನಡೆದದ್ದನ್ನು ನಡೆದಂತೆ ಹೇಳಿದೆ. ಆಡಿದ ಹಾಸ್ಯವನ್ನೂ, ಸರಿಪಡಿಸಿಕೊಂಡ ಶಲ್ಯವನ್ನೂ ಬಿಡಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು: "ನೀವು ಇಲ್ಲಿ ಹೇಳಿದ್ದು ಅವರಿಗಿ ಗೊತ್ತಾಯ್ತೇನ್ರಿ ಸರ್?"

ಇಲ್ಲವೆಂದೆ.

ಈ ಬೇಸಿಗೆಯಲ್ಲಿ ಆ ಹುಡುಗಿ ನನ್ನನ್ನು ತನ್ನ ಹಳ್ಳಿಯ ಶಾಲೆಗೆ ಕರೆದೊಯ್ದಳು. ಮಂಟಪ ಹಾಗೆಯೇ ನಿಂತಿದೆ. ಕೆಳಗೆ ಮಕ್ಕಳು ಮರಾಠಿಯಲ್ಲಿ ಜಗಳಾಡುತ್ತ ಕನ್ನಡದಲ್ಲಿ ಮಗ್ಗಿ ಹೇಳುತ್ತಿದ್ದರು. ಅವಳು ಚೀಲದಿಂದ ಆ ಲಗ್ನಪತ್ರಿಕೆಯ ತುಂಡನ್ನು ತೆಗೆದಳು. ಕಾಕಾ ಅದನ್ನು ಅವಳಿಗೆ ಕೊಟ್ಟು ಹೋಗಿದ್ದರು. ಒಂದು ಕಚ್ಚಿಗೆ ತೂರಿಸಿದಳು, ಸಲೀಸಾಗಿ ಹೋಯಿತು. ನನ್ನ ಕೈಗಿತ್ತಳು. ಎರಡು ಸಲ ತಪ್ಪಿ ಮೂರನೆಯ ಸಲ ತೂರಿತು. ಬಿಸಿಲಿಗೆ ಹಲಗೆ ಇಳಿದು, ಪ್ರತಿ ಕಚ್ಚಿನಲ್ಲಿಯೂ ನೂಲಿನಷ್ಟು ತೆಳ್ಳನೆಯ ಬೆಳಕು ಕಾಣುತ್ತಿತ್ತು. ನಾನು ಬೇಡವೆಂದು ತೆಗೆಸಿದ್ದ ಸಂದು ಅದು. ಮಳೆ ಬಂದಾಗ ತಾನೇ ಮುಚ್ಚಿಕೊಳ್ಳುತ್ತದೆಯೆಂದು ಶಾಲೆಯ ಗುರುಮಾತೆ ಹೇಳಿದರು. ಪತ್ರಿಕೆಯನ್ನು ಹುಡುಗಿಗೆ ಹಿಂತಿರುಗಿಸಿದೆ. ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ.

ಆ ಕಚ್ಚುಗಳನ್ನು ಉಜ್ಜಿದ ಕೈಗಳಿಗೆ ಒಳಿತಾಗಲಿ. ಹಲಗೆ ಹೊತ್ತವರಿಗೆ, ನೀರು ಕೊಟ್ಟ ಊರವರಿಗೆ, ಹೇಳಿದ್ದನ್ನಷ್ಟೇ ಮಾಡಿದ ಆ ಯಂತ್ರಕ್ಕೂ ಒಳಿತಾಗಲಿ. ಅಂದು ನನ್ನೊಡನೆ ಮೌನವಾಗಿ ನಿಂತ, ಇಂದು ನನ್ನನ್ನು ಕೈಹಿಡಿದು ಕರೆದೊಯ್ದ ಮಗಳು ನೂರ್ಕಾಲ ಬಾಳಲಿ. ಆ ನೆರಳಿನಲ್ಲಿ ಕುಳಿತ ಮಕ್ಕಳ ಬಾಯಲ್ಲಿ, ಆಡಬೇಕಾದ ಮಾತು ಆಡಬೇಕಾದ ದಿನವೇ ಬರಲಿ.